ಇಲಿಯ ಎಲ್‌ಎಚ್ ಅಳೆಯುವ ಮುನ್ನ ಟೈಮರ್ ನೋಡಿ

ನರಕೋಶಗಳ ರಾಸಾಯನಿಕ ದೂತ ನಾರ್‌ಅಡ್ರಿನಲಿನ್ ಕೊಟ್ಟರೆ, ಅಂಡೋತ್ಪತ್ತಿಗೆ ಚಾಲನೆ ಕೊಡುವ ಹಾರ್ಮೋನು ಎಲ್‌ಎಚ್ ಏರುತ್ತದೋ ಇಳಿಯುತ್ತದೋ? ಇಲಿಯ ಮೈಯಲ್ಲಿ ಅಂಡಾಶಯದ ಹಾರ್ಮೋನು ಈಸ್ಟ್ರೋಜನ್ ಇದೆಯೇ ಎಂದು ತಿಳಿಯದೆ ಉತ್ತರ ಹೇಳುವಂತಿಲ್ಲ. ಅಂಡಾಶಯ ತೆಗೆದು ಹಾಗೇ ಬಿಟ್ಟ ಹೆಣ್ಣಿಲಿಯಲ್ಲಿ ಎಲ್‌ಎಚ್ ಸುಮಾರು ಅರ್ಧ ಗಂಟೆಗೊಮ್ಮೆ ಮಿಡಿಯುತ್ತಿರುತ್ತದೆ. ಮೆದುಳಿನ ಕುಹರಕ್ಕೆ ನಾರ್‌ಅಡ್ರಿನಲಿನ್ ಬಿಟ್ಟರೆ ಆ ಮಿಡಿತ ಅಡಗುತ್ತದೆ. ಎಸ್ಟ್ರಡಿಯೋಲ್ (ಒಂದು ಈಸ್ಟ್ರೋಜನ್), ಪ್ರೊಜೆಸ್ಟರಾನ್ ಮೊದಲೇ ಕೊಟ್ಟ ಇಲಿಯಲ್ಲಾದರೆ ಅದೇ ನಾರ್‌ಅಡ್ರಿನಲಿನ್ ಎಲ್‌ಎಚ್ ಏರಿಸುತ್ತದೆ. ಎಲ್‌ಎಚ್ ಬಿಡುಗಡೆ ಮಾಡಿಸುವ ಜಿಎನ್‌ಆರ್‌ಎಚ್ ನರಕೋಶಗಳಲ್ಲಿ ಈಸ್ಟ್ರೋಜನ್ ಆಲ್ಫಾ ಗ್ರಾಹಕವೇ ಇಲ್ಲ. ಈ ಸ್ಟಿರಾಯ್ಡ್ ಹಾರ್ಮೋನಿನ ಮಾತು ಅವಕ್ಕೆ ಮುಟ್ಟುವುದು ಕಿಸ್‌ಪೆಪ್ಟಿನ್ ಎಂಬ ಪೆಪ್ಟೈಡ್ ಸ್ರವಿಸುವಂಥ ನೆರೆಯ ನರಕೋಶಗಳ ಮೂಲಕ.

ನೈತಿಕ ಸಮಿತಿಯ ಒಪ್ಪಿಗೆಯಾದ ಮೇಲೆ, ಅಂಡಾಶಯ ತೆಗೆದು ಒಂದೆರಡು ವಾರ ಕಾಯಬೇಕು. ಆಮೇಲೆ ಎಸ್ಟ್ರಡಿಯೋಲ್ ಬೆಂಜೊಯೇಟ್, ಎರಡು ದಿನ ಬಿಟ್ಟು ಪ್ರೊಜೆಸ್ಟರಾನ್, ಎರಡೂ ಚರ್ಮದಡಿಗೆ. ನಮ್ಮ ಕಾಸರಗೋಡು ತೆಂಗಿನೆಣ್ಣೆಯ ಊರಾದರೂ ಇವನ್ನು ಕರಗಿಸಲು ಎಳ್ಳೆಣ್ಣೆಯೇ ರೂಢಿ, ತಂಪಿಗೆ ಹೆಪ್ಪುಗಟ್ಟುವುದಿಲ್ಲ. ಮೊದಲನೆಯದರ ಲೆಕ್ಕ ಮೈಕ್ರೊಗ್ರಾಂನಲ್ಲಿ, ಎರಡನೆಯದರದು ಮಿಲಿಗ್ರಾಂನಲ್ಲಿ. ಸೀಸೆಯ ಚೀಟಿಯಲ್ಲಿ ಅದನ್ನು ದಪ್ಪಗೆ ಬರೆದಿಡಿ. ಪ್ರೊಜೆಸ್ಟರಾನ್ ಈಸ್ಟ್ರೋಜನ್ನಿಗಿಂತ ಮೊದಲೇ ಹೋದರೆ ಎಲ್‌ಎಚ್‌ನ ದೊಡ್ಡ ಏರಿಕೆಯೇ ತಡೆದುಹೋಗುತ್ತದೆ.

ಹೆಚ್ಚು ಜನ ಸೋಲುವುದು ಬೆಳಕಿನಲ್ಲಿ: ಆ ಏರಿಕೆಯ ಹೊತ್ತನ್ನು ಗೊತ್ತುಮಾಡುವುದು ಕೋಣೆಯ ದೀಪದ ವೇಳೆ. 1950ರಲ್ಲಿ ಎವರೆಟ್ ಮತ್ತು ಸಾಯರ್ ತೋರಿಸಿದ ಹಾಗೆ, ಬೆಳಗ್ಗೆ 5ರಿಂದ ಸಂಜೆ 7ರವರೆಗೆ ದೀಪವಿರುವ ಕೋಣೆಯಲ್ಲಿ, ಪ್ರೊಈಸ್ಟ್ರಸ್ ದಿನ (ಅಂಡೋತ್ಪತ್ತಿಯ ಹಿಂದಿನ ದಿನ) ಮಧ್ಯಾಹ್ನ 2ರಿಂದ 4ರವರೆಗೆ ಬಾರ್ಬಿಟ್ಯುರೇಟ್ ಎಂಬ ನಿದ್ದೆಮದ್ದಿನಿಂದ ಮೆದುಳನ್ನು ಮಂಕಾಗಿಸಿದರೆ ಅಂಡೋತ್ಪತ್ತಿ 24 ಗಂಟೆ ತಡವಾಗುತ್ತದೆ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ದೀಪ ಹಚ್ಚಿ ಆರಿಸುವ, ತಿರುಗುವ ಟೈಮರ್ ನಿಂತು, ಬಂದಾಗ ನಿಂತಲ್ಲಿಂದಲೇ ಶುರುವಾಗುತ್ತದೆ. ಸರಿಪಡಿಸದಿದ್ದರೆ ಇಲಿಯ ಮೈಯೊಳಗಿನ ಗಡಿಯಾರ ಕೆಲವು ದಿನಗಳಲ್ಲಿ ಅದಕ್ಕೇ ಹೊಂದಿಕೊಳ್ಳುತ್ತದೆ. ಎಂದಿನ ಹೊತ್ತಿಗೆ ತೆಗೆದ ರಕ್ತದಲ್ಲಿ ಏರಿಕೆ ಸಿಗುವುದಿಲ್ಲ, ದೂರು ಔಷಧದ ಮೇಲೆ ಬೀಳುತ್ತದೆ. ಬ್ಯಾಟರಿಯುಳ್ಳ ಟೈಮರ್ ಹಾಕಿ.

ಸಂಜೆಯ ದೊಡ್ಡ ಏರಿಕೆಗೆ ಗಂಟೆಗೊಂದು ಮಾದರಿ ಸಾಕು. ಮಿಡಿತ ಹಿಡಿಯಲು 5-6 ನಿಮಿಷಕ್ಕೊಮ್ಮೆ ತೆಗೆಯಲೇಬೇಕು, ಕುತ್ತಿಗೆಯ ರಕ್ತನಾಳದ ಕೊಳವೆಯಿಂದ. 250 ಗ್ರಾಂ ಇಲಿಯಲ್ಲಿರುವ ರಕ್ತವೇ ಸುಮಾರು 16 ಮಿ.ಲೀ. ಪ್ರತಿ ಸಲ 0.1 ಮಿ.ಲೀ. ಎಂದರೆ ಮೂರು ಗಂಟೆಗೆ 3 ಮಿ.ಲೀ. ದಾಟಿತು, ಐದರಲ್ಲೊಂದು ಪಾಲು. ಪ್ಲಾಸ್ಮಾ ಬೇರ್ಪಡಿಸಿ, ಕೆಂಪು ಕಣಗಳನ್ನು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಬೆರೆಸಿದ ಸಲೈನಿನಲ್ಲಿ ಕಲಸಿ ಅದೇ ಇಲಿಗೆ ಮರಳಿಸಿ. ಅಂಡಾಶಯ ಇರುವ ಇಲಿಯಾದರೆ ಬೆಳಗ್ಗೆ ಯೋನಿಸ್ರಾವದ ಸ್ಲೈಡ್ ನೋಡಿ: ಕೋಶಕೇಂದ್ರ ಎದ್ದು ಕಾಣುವ ದುಂಡು ಕೋಶಗಳು ದ್ರಾಕ್ಷಿ ಗೊಂಚಲಿನ ಹಾಗೆ ಗುಂಪಾಗಿದ್ದರೆ ಅಂದೇ ಪ್ರೊಈಸ್ಟ್ರಸ್. ಕೇಂದ್ರವಿಲ್ಲದ, ಹೊಪ್ಪಳೆಯಂಥ ಚಪ್ಪಟೆ ಕೋಶಗಳೇ ತುಂಬಿದ್ದರೆ ಏರಿಕೆ ಹಿಂದಿನ ಸಂಜೆಯೇ ಮುಗಿದಿದೆ.