ವಾಚಕರ ವಾಣಿಗೊಂದು ಪತ್ರ
ನಮ್ಮ ಬೀದಿಯ ಹೊಂಗೆ ಮರಗಳನ್ನು ಕಡಿಯಲಿದ್ದಾರೆಂಬ ಸುದ್ದಿ ಕೇಳಿ, ‘ಪ್ರಜಾವಾಣಿ’ಯ ವಾಚಕರ ವಾಣಿಗೆಂದು ನಿನ್ನೆ ರಾತ್ರಿ ಬರೆದ ಮೂರು ಪುಟಗಳ ಪತ್ರವನ್ನು ಬೆಳಿಗ್ಗೆ ಓದಿದಾಗ, ಅದರಲ್ಲಿ ಸಿಟ್ಟಿನ ಹೊರತು ಬೇರೇನೂ ಕಾಣಲಿಲ್ಲ. ಮೊದಲ ಪುಟವಿಡೀ ಪರಿಸರದ ಮಹತ್ವವೇ ತುಂಬಿತ್ತು (ಅದನ್ನು ಸಂಪಾದಕರಿಗೆ ನಾನು ಹೇಳಿಕೊಡಬೇಕೇ?). ಎಲ್ಲವನ್ನೂ ಹೊಡೆದುಹಾಕಿ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಪೂರ್ವಾನುಮತಿ ಬೇಕಿರುವುದರಿಂದ, ಆ ಅನುಮತಿ ದೊರೆತಿದೆಯೇ, ದೊರೆತಿದ್ದರೆ ಎಷ್ಟು ಮರಗಳಿಗೆ ಎಂಬ ಎರಡೇ ಪ್ರಶ್ನೆಗಳನ್ನು, ಬೀದಿಯ ಹೆಸರು ಮತ್ತು ನಾನೇ ಎಣಿಸಿದ ಮರಗಳ ಲೆಕ್ಕದೊಂದಿಗೆ ನೂರು ಪದಗಳೊಳಗೆ ಬರೆದೆ. ಪತ್ರದ ತಲೆಯಲ್ಲಿ ‘ಸಂಪಾದಕರಿಗೆ’ ಎಂದಿದ್ದರೂ, ಅದನ್ನು ನಿಜವಾಗಿ ಓದಬೇಕಾದವರು ಕಡತದ ಮುಂದೆ ಕುಳಿತ ಅಧಿಕಾರಿಯಲ್ಲವೇ ಎಂಬುದು ಆಗಷ್ಟೇ ಹೊಳೆಯಿತು. ಹೆಸರು, ಊರು ಸೇರಿಸಿ ಈಗ ಕಳುಹಿಸಿದ್ದೇನೆ. ಆ ಮೂರು ಪುಟಗಳು ಮೇಜಿನ ಮೇಲೆಯೇ ಇವೆ.