‘ಇದೆಲ್ಲ ನಿಂಗೆ ಎಲ್ಲಿಂದ ಗೊತ್ತಾಗತ್ತೆ ಗುರು?’

ಸೋಡಿಯಂ ಬ್ಯಾಟರಿ ಬಂತಂತಲ್ಲ, ಸ್ಕೂಟರ್ ಈಗ್ಲೇ ತಗೊಳ್ಲಾ ಇಲ್ಲಾ ಕಾಯ್ಲಾ? ಮದುವೆ ಊಟದ ಪಂಕ್ತಿಲಿ ಕೂತಿದ್ರೂ ಸರಿ, ಆಫೀಸ್ ಕ್ಯಾಂಟೀನಲ್ಲಿ ನಿಂತಿದ್ರೂ ಸರಿ, ಯಾರಾದ್ರೊಬ್ರು ಕೇಳೇ ಕೇಳ್ತಾರೆ. ನಾನೇನೋ ಹೇಳ್ತೀನಿ, ಆಮೇಲೆ ಬರೋದೇ ಈ ಮೇಲಿನ ಪ್ರಶ್ನೆ.

ನಾನೇನು ಸೈಂಟಿಸ್ಟ್ ಅಲ್ಲ. ಪೀಣ್ಯದಲ್ಲಿ ಎಮರ್ಜೆನ್ಸಿ ಲೈಟು, ಸಣ್ಣ ಯುಪಿಎಸ್ ಮಾಡೋ ಒಂದು ಕಂಪನಿಲಿ ಪರ್ಚೇಸ್ ನೋಡ್ಕೊತೀನಿ, ಬ್ಯಾಟರಿ ಸೆಲ್ ತರಿಸೋದು ನನ್ನ ಕೆಲ್ಸ. ಹಾಗಾಗಿ ಟೆಕ್ನಾಲಜಿ ಸುದ್ದಿ ಓದೋದಕ್ಕಿಂತ ರೇಟಿನ ಸುದ್ದಿ ಓದೋದೇ ಜಾಸ್ತಿ. ಬಿಸಿನೆಸ್ ಪೇಪರು, ಬ್ಯಾಟರಿ ಮತ್ತೆ ಸೋಲಾರ್ ಲೈನಿನವ್ರ ಪತ್ರಿಕೆಗಳು, ಷೇರು ಪೇಟೆಗೆ ಕಂಪನಿಗಳು ಕೊಡೋ ಪತ್ರಗಳು. ಇವುಗಳಲ್ಲಿ ಮುಕ್ಕಾಲು ಭಾಗ ನಿದ್ದೆ ಬರೋ ಥರ ಇರತ್ತೆ, ಆದ್ರೆ ಬೇಕಾದ್ದು ಇರೋದೂ ಅಲ್ಲೇ.

ಈ ಬುದ್ಧಿ ಬಂದಿದ್ದು ಪೆಟ್ಟು ತಿಂದ ಮೇಲೆ. 2021ರ ಶುರುವಲ್ಲಿ ಚೀನಾದಲ್ಲಿ ಈ ಸೆಲ್ ಮಾಡೋಕೆ ಬೇಕಾದ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 50–60 ಸಾವಿರ ಯುವಾನ್ ಇತ್ತು, 2022ರ ನವೆಂಬರ್ ಹೊತ್ತಿಗೆ ಹತ್ತಿರತ್ತಿರ 6 ಲಕ್ಷ ಮುಟ್ತು. ಎಲ್ಲಾ ಕಡೆ ಹೆಡ್‌ಲೈನ್ ಒಂದೇ, ಲಿಥಿಯಂ ಅಂದ್ರೆ ಹೊಸ ಚಿನ್ನ, ಇನ್ನೂ ಏರತ್ತೆ ಅಂತ. ನಾನೂ ಹೆದರ್ಕೊಂಡು ಬಾಸ್‌ನ ಒಪ್ಪಿಸಿ ಡಿಸೆಂಬರಲ್ಲಿ ಒಬ್ಬ ವೆಂಡರ್ ಹತ್ರ ಒಂದು ವರ್ಷಕ್ಕೆ ರೇಟ್ ಲಾಕ್ ಮಾಡಿಸ್ದೆ. 2023ರ ಕೊನೆಗೆ ಲಿಥಿಯಂ 1 ಲಕ್ಷ ಯುವಾನ್ ಹತ್ರ ಬಂದು ಬಿದ್ದಿತ್ತು. ಪಕ್ಕದ ಶೆಡ್‌ನವ್ನು ಅದೇ ಸೆಲ್‌ನ ನಮಗಿಂತ ಎಷ್ಟೋ ಕಮ್ಮಿಗೆ ತರಿಸ್ತಿದ್ದ, ಆ ಇನ್‌ವಾಯ್ಸ್ ಫೋಟೋನ ಬಾಸ್ ನಂಗೆ ವಾಟ್ಸಾಪಲ್ಲಿ ಕಳಿಸಿದ್ರು, ಮೆಸೇಜ್ ಏನೂ ಇಲ್ಲ, ಬರೀ ಫೋಟೋ.

ಆಮೇಲೆ ಹಳೇದೆಲ್ಲ ಹುಡುಕಿ ಓದಿದ್ರೆ ಎಲ್ಲಾ ಅಲ್ಲೇ ಇತ್ತು ಕಣ್ರೀ. ಚೀನಾ ಸರ್ಕಾರ ಎಲೆಕ್ಟ್ರಿಕ್ ಕಾರಿಗೆ ಕೊಡ್ತಿದ್ದ ಸಬ್ಸಿಡಿ 2022ರ ಡಿಸೆಂಬರ್ 31ಕ್ಕೆ ಮುಗಿಯತ್ತೆ ಅಂತ ಮೊದಲೇ ಗೊತ್ತಿದ್ದ ವಿಷ್ಯ, ಅದಕ್ಕೇ ಜನ ಮುಗಿಬಿದ್ದು ಕಾರ್ ತಗೊಂಡಿದ್ರು, ಜನವರಿ ಆಗ್ತಿದ್ದಂಗೆ ಡಿಮ್ಯಾಂಡ್ ಕುಸೀತು. ಫೆಬ್ರವರಿಲಿ ಇನ್ನೊಂದು ಸುದ್ದಿ, ಪ್ರಪಂಚದ ಅತಿ ದೊಡ್ಡ ಬ್ಯಾಟರಿ ಕಂಪನಿ ಸಿಎಟಿಎಲ್ ಕೆಲವು ಕಾರ್ ಕಂಪನಿಗಳಿಗೆ ಲಿಥಿಯಂನ ಟನ್ನಿಗೆ 2 ಲಕ್ಷ ಯುವಾನ್ ಲೆಕ್ಕದಲ್ಲಿ ಹಿಡಿದು ಬ್ಯಾಟರಿ ಕೊಡ್ತೀನಿ ಅಂತಿದೆ ಅಂತ. ಮಾರ್ಕೆಟ್ ರೇಟ್ ಅದರ ಎರಡರಷ್ಟಿದ್ದಾಗ ಅಷ್ಟು ದೊಡ್ಡ ಕಂಪನಿ ಆ ಮಾತಾಡತ್ತೆ ಅಂದ್ರೆ ಅವ್ರಿಗೆ ಮುಂದೇನಾಗತ್ತೆ ಅಂತ ವಾಸನೆ ಸಿಕ್ಕಿರತ್ತೆ ತಾನೆ.

ಈಗ ಸೋಡಿಯಂ ಕಥೆಗೆ ಬನ್ನಿ. ಲಿಥಿಯಂ ಬದಲು ಹಾಕೋದು ಅಡುಗೆ ಉಪ್ಪಲ್ಲಿರೋ ಸೋಡಿಯಮ್ಮೇ, ಎಲ್ಲಿ ಬೇಕಾದ್ರೂ ಸಿಗತ್ತೆ, ಒಳಗಿನ ತಾಮ್ರದ ಹಾಳೆ ಬದಲು ಅಲ್ಯೂಮಿನಿಯಂ ಹಾಕ್ಬಹುದು, ಅದೂ ಅಗ್ಗ. ಆದ್ರೆ ಒಂದು ಕೆಜಿಗೆ ಹಿಡಿಯೋ ಕರೆಂಟು ಲಿಥಿಯಂಗಿಂತ ಕಮ್ಮಿ. ಸಿಎಟಿಎಲ್ 2021ರ ಜುಲೈಲಿ ತೋರಿಸಿದ್ದು ಕೆಜಿಗೆ 160 ವ್ಯಾಟ್-ಅವರ್, 2025ರ ಏಪ್ರಿಲಲ್ಲಿ ‘ನ್ಯಾಕ್ಸ್ಟ್ರಾ’ ಅಂತ ಹೆಸರಿಟ್ಟು ಹೇಳಿದ್ದು 175. ರಿಲಯನ್ಸ್‌ನವ್ರು 2021ರ ಡಿಸೆಂಬರ್ ಕೊನೇಲಿ ಇಂಗ್ಲೆಂಡಿನ ಫ್ಯಾರಾಡಿಯನ್ ಅನ್ನೋ ಸೋಡಿಯಂ ಕಂಪನಿನ 10 ಕೋಟಿ ಪೌಂಡ್ ಬೆಲೆ ಕಟ್ಟಿ ತಗೊಂಡ್ರು. ಸಿಎಟಿಎಲ್‌ನ ಮೊದಲ ಸುದ್ದಿ, ರಿಲಯನ್ಸ್ ಸುದ್ದಿ, ಎರಡರದ್ದೂ ವರ್ಷ ನೋಡಿ, ಲಿಥಿಯಂ ಏರ್ತಿದ್ದ ವರ್ಷ. ಲಿಥಿಯಂ ಬಿದ್ಮೇಲೆ ಸೋಡಿಯಂ ಯಾರಿಗೆ ಬೇಕು? ಲ್ಯಾಬಲ್ಲಿ ಏನೂ ಕೆಟ್ಟಿಲ್ಲ, ಎದುರಾಳಿ ಅಗ್ಗ ಆಗ್ಬಿಟ್ಟ ಅಷ್ಟೆ. ಟೆಕ್ನಾಲಜಿ ಪೇಜಷ್ಟೇ ಓದಿದ್ರೆ ಇದು ಗೊತ್ತೇ ಆಗಲ್ಲ, ರೇಟಿನ ಪೇಜ್ ಪಕ್ಕದಲ್ಲಿ ಇಟ್ಕೊಂಡು ಓದ್ಬೇಕು.

ಇನ್ನೊಂದು ಅಭ್ಯಾಸ, ಕ್ರಿಯಾಪದಕ್ಕೆ ಪೆನ್ಸಿಲಲ್ಲಿ ಗೆರೆ ಎಳಿಯೋದು. ನಮ್ಮ ಹೈಸ್ಕೂಲ್ ಕನ್ನಡ ಮೇಷ್ಟ್ರು ನೋಡಿದ್ರೆ ಖುಷಿ ಪಡ್ತಿದ್ರು. ‘ಘೋಷಿಸಿದೆ’, ‘ಒಪ್ಪಂದಕ್ಕೆ ಸಹಿ ಹಾಕಿದೆ’, ‘ಉದ್ದೇಶಿಸಿದೆ’ ಅಂತಿದ್ರೆ ಸದ್ಯಕ್ಕೆ ಏನೂ ಆಗಿಲ್ಲ ಅಂತ ತಿಳ್ಕೊತೀನಿ. ‘ಸಪ್ಲೈ ಮಾಡಿದೆ’, ‘ಆರ್ಡರ್ ಸಿಕ್ಕಿದೆ’, ‘ಟೆಂಡರ್ ಕರೆದಿದೆ’ ಅಂತಿದ್ರೆ ಮಾತ್ರ ನೋಟ್‌ಬುಕ್ಕಿಗೆ. ಅಮೆರಿಕದ ನೇಟ್ರಾನ್ ಎನರ್ಜಿ 2024ರ ಆಗಸ್ಟಲ್ಲಿ ನಾರ್ತ್ ಕೆರೊಲಿನಾದಲ್ಲಿ 140 ಕೋಟಿ ಡಾಲರ್‌ದು ಸೋಡಿಯಂ ಫ್ಯಾಕ್ಟರಿ ಹಾಕ್ತೀವಿ ಅಂತ ಘೋಷಿಸ್ತು. 2025ರ ಸೆಪ್ಟೆಂಬರಲ್ಲಿ ಕಂಪನಿನೇ ಬಾಗಿಲು ಹಾಕ್ತು.

ಟ್ರೇಡ್ ಪತ್ರಿಕೆ ಅಂದ್ರೆ ದೇವ್ರ ವಾಕ್ಯ ಅಂತೇನೂ ಅಲ್ಲ ಮತ್ತೆ. ಅವ್ರಿಗೆ ಜಾಹೀರಾತು ಕೊಡೋದು ಅದೇ ಕಂಪನಿಗಳು, ಎಷ್ಟೋ ಸುದ್ದಿ ಪ್ರೆಸ್ ನೋಟನ್ನೇ ತಿರುಗಿಸಿ ಹಾಕಿರೋದು, ಒಂದೇ ಸಾಲು ನಾಲ್ಕು ಕಡೆ ಸಿಕ್ಕಿದ್ರೆ ನಾಲ್ಕೂ ಸೇರಿ ಒಂದೇ ಲೆಕ್ಕ. ದುಡ್ಡು ಕಟ್ಟಿ ಓದೋ ರಿಪೋರ್ಟುಗಳು ನಮ್ಮಂಥವ್ರ ಕೈಗೆಟುಕಲ್ಲ, ಅದರ ಸಾರ ಒಂದ್ವಾರದಲ್ಲಿ ಪೇಪರಲ್ಲಿ ಬಂದೇ ಬರತ್ತೆ, ಕಾಯಿರಿ.

ನಮ್ಮ ಭಾವ ಮಂಡ್ಯದವ್ರು. 2020ರ ಫೆಬ್ರವರಿಲಿ ಅದೇ ಜಿಲ್ಲೆಯ ಮರಳಗಾಲ ಅನ್ನೋ ಊರಲ್ಲಿ 14,100 ಟನ್ ಲಿಥಿಯಂ ಅಂತ ಸುದ್ದಿ ಬಂದಾಗ ಬೆಳಗ್ಗೆ ಆರಕ್ಕೇ ಫೋನು, ‘ಲೋ, ಅಲ್ಲೆಲ್ಲಾದ್ರೂ ಒಂದೆಕ್ರೆ ಹಿಡಿಯೋಣ್ವಾ?’ ಅಂತ. ಮರುವರ್ಷ ಅಣು ಖನಿಜ ನಿರ್ದೇಶನಾಲಯದವ್ರ ಲೆಕ್ಕ ಬಂತು, 1,600 ಟನ್. ಅದೂ ‘ಇನ್‌ಫರ್ಡ್’ ದರ್ಜೆ, ಅಂದ್ರೆ ಮೇಲ್ನೋಟದ ಅಂದಾಜು. ಆ 1,600 ಎಷ್ಟು ಜನರ ಕಿವಿಗೆ ಬಿತ್ತೋ ಏನೋ, ಭಾವನ ಸ್ನೇಹಿತ್ರು ಇವತ್ತಿಗೂ 14,100 ಅಂತಾನೇ ಹೇಳ್ತಾರೆ.

ಹೋದ ಸಲ ಭಾವ ಕಳಿಸಿದ್ದು ನಮ್ಮ ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆಯ ಸುದ್ದಿ, 2025ದು. ಸೋಡಿಯಂ ಬ್ಯಾಟರಿ ಆರೇ ನಿಮಿಷಕ್ಕೆ 80 ಪರ್ಸೆಂಟ್ ಚಾರ್ಜು, 3,000 ಸಲಕ್ಕಿಂತ ಜಾಸ್ತಿ ಬಾಳಿಕೆ. ಕೆಲ್ಸ ನಿಜಕ್ಕೂ ಚೆನ್ನಾಗಿದೆ, ಖುಷಿನೂ ಆಯ್ತು, ಆದ್ರೆ ಅದು ಲ್ಯಾಬಿನ ಸುದ್ದಿ, ಯಾರು ಎಷ್ಟು ರೂಪಾಯಿಗೆ ಮಾಡಿ ಕೊಡ್ತಾರೆ ಅಂತ ಬಂದಾಗ ಹೇಳ್ತೀನಿ ಭಾವ, ಅಂತ ಇಷ್ಟುದ್ದ ಮೆಸೇಜ್ ಬರೆದು ಕಳಿಸ್ದೆ. ನೀಲಿ ಟಿಕ್ ಬಂತು. ಎರಡು ದಿನ ಬಿಟ್ಟು ಅಕ್ಕ ಫೋಟೋ ಹಾಕಿದ್ಲು, ಹೊಸ ಸ್ಕೂಟರಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡ್ತಿದ್ದಾರೆ. ಲಿಥಿಯಂದೇ.