ಕಲ್ಲು-ಕಾಗದ-ಕತ್ತರಿ ಪ್ರೋಗ್ರಾಂ: ಮೂರನೇ ವಾರ

ಪ್ರೋಗ್ರಾಂ ಓಡಿತು. ತಪ್ಪಾಗಿ ಓಡಿದೆ ಅಂತ ಕಂಡುಹಿಡಿದವಳು ಅಕ್ಕನ ಮಗಳು, ಅದೂ ಜೋಳದ ಕಾಳು ಹಿಡಿದು.

ಕಂಪ್ಯೂಟರಿನ ಒಳಗೆ ಇಬ್ಬರು ಆಟಗಾರರಿದ್ದಾರೆ. ಎದುರಿನವ ಇಲ್ಲಿವರೆಗೆ ಯಾವುದನ್ನು ಎಷ್ಟು ಸಲ ತೋರಿಸಿದ ಅಂತ ಎಣಿಸಿಕೊಂಡು, ಆ ಲೆಕ್ಕಕ್ಕೆ ಸೋಲು ಕಳೆದು ಹೆಚ್ಚು ಗೆಲುವು ಕೊಡುವುದನ್ನೇ ಆಡುತ್ತಾರೆ. ಅಷ್ಟೇ ಬುದ್ಧಿ. 1951ರಲ್ಲಿ ಗಣಿತಜ್ಞ ಜಾರ್ಜ್ ಬ್ರೌನ್ ಹೇಳಿದ ವಿಧಾನ ಇದು. ಇಬ್ಬರೂ ಕಲ್ಲಿನಿಂದ ಶುರು ಮಾಡಿದ್ದಕ್ಕೆ ಪ್ರತಿ ಆಟವೂ ಡ್ರಾ, ನೋಡೋಕೆ ಬೇಜಾರು. ಲೆಕ್ಕದಲ್ಲಿ ಎರಡು ಆಯ್ಕೆ ಸಮ ಬಿದ್ದರೆ ಹಿಂದಿನದನ್ನೇ ಆಡಬೇಕು ಅನ್ನುವುದು ನಿಯಮ.

ಲ್ಯಾಪ್‌ಟಾಪ್ ಹೇಳಿದ್ದು: ಸತತವಾಗಿ ಕಾಗದ 3 ಸಲ, ಕತ್ತರಿ 5, ಕಲ್ಲು 7, ಮತ್ತೆ ಕಾಗದ 9. ಎಷ್ಟು ಅಚ್ಚುಕಟ್ಟು ಅಂದರೆ ನಾನು ಅನುಮಾನವನ್ನೇ ಪಡಲಿಲ್ಲ. ಅವಳು ಮೂರು ಬಟ್ಟಲಲ್ಲಿ ಕಾಳು ಹಾಕುತ್ತಾ ಹೋದಳು. "ಮಾಮಾ, ಕತ್ತರಿ ಆರು ಬರ್ತೈತಿ!" ಹೌದು, ಐದಾದ ಮೇಲೆ ಕತ್ತರಿಗೂ ಕಲ್ಲಿಗೂ ಸಮ. ನಾನು ಪ್ರೋಗ್ರಾಂ ಬರೆದ ಪೈಥಾನ್ ಭಾಷೆಯಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸುವ ಮ್ಯಾಕ್ಸ್ ಅನ್ನುವ ಆಜ್ಞೆ ಸಮ ಬಿದ್ದಾಗ ಪಟ್ಟಿಯಲ್ಲಿ ಮೊದಲಿದ್ದದ್ದನ್ನು ಎತ್ತುತ್ತದೆ, ಅಂದರೆ ಕಲ್ಲನ್ನು. ತಿದ್ದಿದ ಮೇಲೆ 3, 6, 9, 12, 15.

ಒಂದನ್ನೇ ಸತತ ಆಡುವ ಸರದಿ ಉದ್ದ ಆಗುತ್ತಲೇ ಇದೆ, ಆಟ ಸುತ್ತುತ್ತಲೇ ಇದೆ. ಆದರೂ ಒಟ್ಟು ಲೆಕ್ಕದಲ್ಲಿ ಮೂರೂ ಮೂರನೇ ಒಂದು ಪಾಲಿನತ್ತ ಬರುತ್ತವೆ. ನೂರನೇ ಸರದಿ 300 ಆಟದ್ದು, ಅಷ್ಟರಲ್ಲಿ ಒಟ್ಟು 15,151 ಆಟ ಆಗಿರುತ್ತವೆ. ಒಂದು ಸರದಿಯ ತೂಕ ಎಲ್ಲಿ ತಾಗುತ್ತೆ? ಒಬ್ಬನ ಗೆಲುವೇ ಇನ್ನೊಬ್ಬನ ಸೋಲಾದ ಆಟದಲ್ಲಿ ಹೀಗೇ ಆಗುತ್ತದೆ ಅಂತ ಗಣಿತಜ್ಞೆ ಜೂಲಿಯಾ ರಾಬಿನ್ಸನ್ ಅದೇ 1951ರಲ್ಲಿ ಸಾಧಿಸಿ ತೋರಿಸಿದ್ದರು.

ಆಮೇಲೆ ಗಣಿತಜ್ಞ ಲಾಯ್ಡ್ ಶಾಪ್ಲಿ 1964ರಲ್ಲಿ ಕೊಟ್ಟ ಆಟ ಹಾಕಿದೆ. ಅವಳಿಗೆ ಧಾರವಾಡದ ಲೆಕ್ಕದಲ್ಲೇ ಹೇಳಿದೆ: ಲೈನ್ ಬಜಾರ್, ಸುಭಾಷ್ ರೋಡ್, ಸಪ್ತಾಪುರ, ಮತ್ತೆ ಲೈನ್ ಬಜಾರ್. ಆಟಗಾರರು ಅಣ್ಣ-ತಮ್ಮ ಅಂದುಕೋ. ತಮ್ಮನಿಗೆ ಅಣ್ಣ ಇದ್ದಲ್ಲೇ ಇರಬೇಕು. ಅಣ್ಣನಿಗೆ ತಮ್ಮ ಇರುವುದರ ಮುಂದಿನ ಜಾಗ ಬೇಕು. ಬೇಕಾದಲ್ಲಿ ಇದ್ದವನಿಗೆ ಒಂದು ಅಂಕ. ಎರಡೂ ಅಲ್ಲದಿದ್ದರೆ ಇಬ್ಬರಿಗೂ ಸೊನ್ನೆ. ಇಲ್ಲಿ ಒಬ್ಬನ ಅಂಕ ಇನ್ನೊಬ್ಬನ ಜೇಬಿನಿಂದ ಬರುವುದಿಲ್ಲ, ಅಲ್ವಾ?

ತಮ್ಮ ಒಂದೊಂದು ಕಡೆ ಸತತ ನಿಂತ ಲೆಕ್ಕ: 3, 11, 31, 73, 164. ಐದನೆಯದು ಮುಗಿದಾಗ ಒಟ್ಟು 282 ಆಟ, ಅರ್ಧಕ್ಕಿಂತ ಜಾಸ್ತಿ ಆ ಕೊನೇ ಸರದಿಯದ್ದೇ. ಪಾಲು ನಿಲ್ಲುವುದೇ ಇಲ್ಲ, ಗ್ರಾಫ್ ಜೋಕಾಲಿ ಆಡುತ್ತದೆ.

ಇದನ್ನೂ ಕಾಳಲ್ಲಿ ನೋಡಬೇಕು ಅಂತ ಕೂತಳು. 31ರವರೆಗೆ ಸರಿ ಬಂತು. 73ರ ಮಧ್ಯದಲ್ಲಿ ಅವ್ವ ಬಂದು, ನಾಳೆ ಗಿರಣಿಗೆ ಹಾಕಬೇಕು ಅಂತ ಬಟ್ಟಲು ಎತ್ತಿಕೊಂಡು ಹೋದಳು.